ಪರ್ಮಾಂಗನೇಟ್: ಹೆಸರಿನ ಅರ್ಥ ಮತ್ತು ಮನೆಯಲ್ಲಿ ಅದರ ಬಳಕೆ



ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅನೇಕ ಕೃಷಿಕರ ಮನೆಗಳಲ್ಲಿ, ಹಟ್ಟಿಯ ಗೋಡೆಯ ಗೂಡಿನಲ್ಲೋ ಬಚ್ಚಲಿನ ಮೂಲೆಯಲ್ಲೋ ಒಂದು ಸಣ್ಣ ಪೊಟ್ಟಣ ಇರುವುದುಂಟು. ಅದರೊಳಗೆ ಲೋಹದ ಹೊಳಪುಳ್ಳ ಕಪ್ಪು ನೇರಳೆ ಬಣ್ಣದ ಸಣ್ಣ ಹರಳುಗಳಿರುತ್ತವೆ. ಹಸುವಿನ ಕೆಚ್ಚಲು ತೊಳೆಯಲೆಂದೋ, ಕಾಲುಬಾಯಿ ಜ್ವರ ಬಂದ ದನದ ಗೊರಸಿನ ಹುಣ್ಣು ತೊಳೆಯಲೆಂದೋ ತಂದದ್ದು ಉಳಿದುಕೊಂಡಿರುತ್ತದೆ. ನಾಲ್ಕಾರು ಹರಳು ಹಾಕಿದರೆ ಬಾಲ್ದಿ ತುಂಬ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದರ ಹೆಸರು ಪೊಟ್ಯಾಸಿಯಂ ಪರ್ಮಾಂಗನೇಟ್. ಅಂಗಡಿಯಲ್ಲಿ ಬರಿದೇ ‘ಪೊಟಾಶ್’ ಎಂದು ಕೇಳಬೇಡಿರಿ. ಆ ಹೆಸರಿಗೆ ತೋಟಕ್ಕೆ ಹಾಕುವ ಗೊಬ್ಬರವನ್ನು ಕಟ್ಟಿಕೊಡುತ್ತಾರೆ. ಅದು ಬೇರೆಯೇ ಉಪ್ಪು.

ಈ ಹರಳಿನಿಂದ ಉಪಕಾರವೂ ಉಂಟು, ಘೋರವಾದ ಅಪಾಯವೂ ಉಂಟು. ಎರಡಕ್ಕೂ ಕಾರಣ ಒಂದೇ, ಮತ್ತು ಆ ಕಾರಣವು ಅದರ ಹೆಸರಿನಲ್ಲಿಯೇ ಅಡಗಿದೆ. ಆದುದರಿಂದ ಮೊದಲು ಹೆಸರನ್ನೇ ಬಿಡಿಸಿ ನೋಡೋಣ.

ಹೆಸರಿನ ಅರ್ಥ

ಮ್ಯಾಂಗನೀಸ್ ಎಂಬುದು ಒಂದು ಲೋಹ. ನಮ್ಮ ರಾಜ್ಯದ ಸಂಡೂರಿನ ಬೆಟ್ಟಗಳಲ್ಲಿ ಇದರ ಅದಿರು ದೊರೆಯುತ್ತದೆ. ಈ ಲೋಹದೊಡನೆ ಆಮ್ಲಜನಕವು ಸೇರಿ ಆಗುವ ಲವಣಗಳಲ್ಲಿ ಒಂದು ಮ್ಯಾಂಗನೇಟ್. ಅದರ ಬಣ್ಣ ಹಸಿರು. ಅದಕ್ಕಿಂತಲೂ ಮೇಲಿನ ಮೆಟ್ಟಿಲಿನದು ಪರ್ಮಾಂಗನೇಟ್. ಅದರ ಬಣ್ಣ ನೇರಳೆ. ಮೊದಲಿನ ‘ಪರ್’ ಎಂಬುದು ಮೇಲಿನ ಮೆಟ್ಟಿಲನ್ನೂ, ಕೊನೆಯ ‘ಏಟ್’ ಎಂಬುದು ಲವಣದಲ್ಲಿ ಆಮ್ಲಜನಕವಿದೆ ಎಂಬುದನ್ನೂ ತಿಳಿಸುತ್ತವೆ. ಒಂದು ಪೊಟ್ಯಾಸಿಯಂ, ಒಂದು ಮ್ಯಾಂಗನೀಸ್, ನಾಲ್ಕು ಆಮ್ಲಜನಕ, ಇಷ್ಟು ಪರಮಾಣುಗಳು ಸೇರಿ ಈ ವಸ್ತುವಾಗಿದೆ.

ರಸಾಯನಶಾಸ್ತ್ರದಲ್ಲಿ ಹೆಸರಿನ ಬಾಲವನ್ನು ನೋಡಿಯೇ ಇಂತಹ ಸಂಗತಿಗಳನ್ನು ತಿಳಿಯಬಹುದು. ಅಡುಗೆಯ ಉಪ್ಪು ಸೋಡಿಯಂ ಕ್ಲೋರೈಡ್. ಅದರಲ್ಲಿ ಆಮ್ಲಜನಕವೇ ಇಲ್ಲ. ಅದೇ ಕ್ಲೋರಿನ್ನಿನ ಜೊತೆಗೆ ಒಂದು ಆಮ್ಲಜನಕ ಸೇರಿದರೆ ಹೈಪೋಕ್ಲೋರೈಟ್, ಎರಡು ಸೇರಿದರೆ ಕ್ಲೋರೈಟ್, ಮೂರಾದರೆ ಕ್ಲೋರೇಟ್, ನಾಲ್ಕಾದರೆ ಪರ್ಕ್ಲೋರೇಟ್. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಕೆಲಸ ಮಾಡುವುದು ಹೈಪೋಕ್ಲೋರೈಟು. ಬೆಂಕಿಕಡ್ಡಿಯ ತಲೆಯಲ್ಲಿರುವುದು ಕ್ಲೋರೇಟು. ಹಿಂದೆ ಕೋವಿಯ ಮದ್ದಿಗೆ ಹಾಕುತ್ತಿದ್ದ ಪೆಟ್ಲುಪ್ಪು ನೈಟ್ರೇಟು. ಇವೆಲ್ಲವೂ ತಮ್ಮಲ್ಲಿರುವ ಆಮ್ಲಜನಕದ ಬಲದಿಂದ ಬೇರೆ ವಸ್ತುವನ್ನು ಉರಿಸಬಲ್ಲ ಇಲ್ಲವೇ ಕೆಡಿಸಬಲ್ಲ ಲವಣಗಳು. ಈ ಕ್ರಿಯೆಗೆ ಉತ್ಕರ್ಷಣವೆಂದೂ, ಇಂತಹ ಲವಣಗಳಿಗೆ ಉತ್ಕರ್ಷಣಕಾರಿ ಲವಣಗಳೆಂದೂ ಹೆಸರು.

ಆದರೆ ಬಾಲವೊಂದನ್ನೇ ನಂಬುವಂತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತು ತಾಮ್ರದ ಸಲ್ಫೇಟು. ಅದರಲ್ಲಿಯೂ ಗಂಧಕದ ಸುತ್ತ ನಾಲ್ಕು ಆಮ್ಲಜನಕಗಳಿವೆ. ಆದರೂ ಸಲ್ಫೇಟು ತನ್ನ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುವ ಜಿಪುಣ, ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪರ್ಮಾಂಗನೇಟಾದರೋ ಎದುರು ಸಿಕ್ಕಿದ ವಸ್ತುವಿಗೆ ಕೂಡಲೇ ಕೊಟ್ಟುಬಿಡುತ್ತದೆ. ಮೈಲುತುತ್ತು ವಿಷವೇ ಹೌದು, ಆದರೆ ಅದು ತಾಮ್ರದ ವಿಷ. ಎರಡೂ ಬಣ್ಣದ ಹರಳುಗಳೆಂದು ಒಂದರ ಬದಲು ಇನ್ನೊಂದನ್ನು ಎಂದಿಗೂ ಬಳಸಕೂಡದು.

ಪರ್ಮಾಂಗನೇಟು ತನ್ನ ಆಮ್ಲಜನಕವನ್ನು ಕೊಟ್ಟು ಮುಗಿಸಿತೆಂಬುದಕ್ಕೆ ಗುರುತು ಅದರ ಬಣ್ಣ. ನೇರಳೆಯು ಹೋಗಿ ಕಂದು ಬಣ್ಣ ಬರುತ್ತದೆ. ಬೆಳಿಗ್ಗೆ ಕಲಸಿಟ್ಟ ಗುಲಾಬಿ ನೀರು ಸಂಜೆಗೆ ಚಹದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ಮದ್ದಿನ ಗುಣ ಉಳಿದಿಲ್ಲವೆಂದು ತಿಳಿಯಿರಿ. ಬೆರಳಿಗೂ ಬಟ್ಟೆಗೂ ಅಂಟುವ ಕಂದು ಕಲೆ ಇದೇ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಲವಣಕ್ಕೆ ರೋಗಾಣು ಯಾವುದು, ನಿಮ್ಮ ಚರ್ಮ ಯಾವುದು, ಹಾವಿನ ವಿಷ ಯಾವುದು, ನಿಮ್ಮ ಮಾಂಸ ಯಾವುದು ಎಂಬ ಭೇದವಿಲ್ಲ. ಮೊದಲು ಸಿಕ್ಕಿದ್ದನ್ನು ಸುಡುತ್ತದೆ. ತೀರ ತೆಳುವಾಗಿದ್ದಾಗ ಮೇಲ್ಮೈಯ ಕೊಳೆಯನ್ನೂ ಕ್ರಿಮಿಯನ್ನೂ ಕೊಲ್ಲುವಷ್ಟಕ್ಕೆ ಅದರ ಶಕ್ತಿ ಮುಗಿದುಹೋಗುತ್ತದೆ. ಹರಳಾಗಿಯೇ ತಗುಲಿದರೆ ಚರ್ಮದ ಆಳಕ್ಕೆ ಇಳಿಯುತ್ತದೆ.

ಬಾವಿಯ ನೀರು

ನಮ್ಮ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಮುರಕಲ್ಲಿನ ನೆಲದಲ್ಲಿ ಮಳೆನೀರು ಬೇಗನೆ ಇಳಿದು, ಮೇಲಿನ ಹೊಲಸನ್ನೂ ತನ್ನೊಡನೆ ಬಾವಿಗೆ ಒಯ್ಯುತ್ತದೆ. ಆಟಿ ತಿಂಗಳಲ್ಲಿ ಕೈಗೆ ಎಟಕುವಷ್ಟು ಮೇಲೆ ಬಂದ ನೀರನ್ನು ಕಂಡು ಸಂತೋಷಪಡುವವರು ಅದೇ ನೀರಿನಿಂದ ಬರುವ ವಾಂತಿಭೇದಿಯನ್ನೂ ವಿಷಮಶೀತ ಜ್ವರವನ್ನೂ ಕಾಮಾಲೆಯನ್ನೂ ಮರೆಯಬಾರದು. ಗುಡ್ಡ ಕೊರೆದು ನೀರು ತರುವ ಸುರಂಗಗಳಿರುವ ಮನೆಯವರಿಗೂ ಈ ಮಾತು ಅನ್ವಯಿಸುತ್ತದೆ. ಸುರಂಗದ ನೀರು ತಂಪಾಗಿ ತಿಳಿಯಾಗಿದ್ದರೂ ಹೊರಗಿನ ತೊಟ್ಟಿಯಲ್ಲಿ ನಿಂತ ಮೇಲೆ ಅದು ತೊಟ್ಟಿಯ ನೀರೇ.

ಬಾವಿಗೆ ಪರ್ಮಾಂಗನೇಟು ಹಾಕುವ ಪದ್ಧತಿ ಹಳೆಯದು. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿಯು ಕಾಲರಾ ತಡೆಯಲು ಇದನ್ನು ಪ್ರಚಾರಕ್ಕೆ ತಂದರು. ನೀರು ಗುಲಾಬಿಯಾಗುವಷ್ಟು ಮದ್ದು ಹಾಕಿ ಬಿಡುವುದು ಕ್ರಮವಾಗಿತ್ತು. ಕಾಲರಾ ರೋಗಾಣುವು ಇದರಿಂದ ಸಾಯುತ್ತದೆ ಎಂಬುದು ನಿಜ. ಆದರೆ ಉಳಿದ ರೋಗಾಣುಗಳ ಮೇಲೆ ಇದರ ಪ್ರಭಾವ ಅತ್ಯಲ್ಪ. ನೀರಿನ ಬಣ್ಣ, ವಾಸನೆ, ರುಚಿಗಳೂ ಕೆಡುತ್ತವೆ. ಆದುದರಿಂದ ಕುಡಿಯುವ ನೀರಿಗೆ ಈ ಮದ್ದನ್ನು ಇಂದು ನಾವು ಹೇಳುವುದಿಲ್ಲ. ಹಿರಿಯರು ಹಾಕುತ್ತಿದ್ದರೆಂಬುದಕ್ಕಾಗಿ ನೀವೂ ಹಾಕಬೇಕಾಗಿಲ್ಲ.

ಅದರ ಸ್ಥಾನಕ್ಕೆ ಬಂದಿರುವುದು ಬ್ಲೀಚಿಂಗ್ ಪೌಡರು. ಹೊಸ ಪುಡಿಯಲ್ಲಿ ನೂರಕ್ಕೆ 33 ಪಾಲು ಉಪಯುಕ್ತ ಕ್ಲೋರಿನ್ ಇರುತ್ತದೆ. ಸಾವಿರ ಲೀಟರು ನೀರಿಗೆ ಸುಮಾರು 2.5 ಗ್ರಾಂ ಪುಡಿ ಬೇಕು. ಬಾವಿಯಲ್ಲಿ ಎಷ್ಟು ಲೀಟರು ನೀರಿದೆ ಎಂದು ತಿಳಿಯಲು ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದುದನ್ನು 785ರಿಂದ ಗುಣಿಸಬೇಕು. ಅಡ್ಡಗಲ ಎರಡೂವರೆ ಮೀಟರು, ನೀರಿನ ಆಳ 4 ಮೀಟರು ಇರುವ ಬಾವಿಯಲ್ಲಿ 19,625 ಲೀಟರು ನೀರಿರುತ್ತದೆ. ಅದಕ್ಕೆ ಬೇಕಾದ ಪುಡಿ ಸುಮಾರು 50 ಗ್ರಾಂ. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿದರೆ ಈ ಲೆಕ್ಕವನ್ನು ಅವರೇ ಮಾಡಿಕೊಡುತ್ತಾರೆ. ಕೈ ಅಂದಾಜಿನಲ್ಲಿ ಹಾಕುವುದಕ್ಕಿಂತ ಅಂಗಡಿಯ ತಕ್ಕಡಿಯಲ್ಲಿ ತೂಗಿಸುವುದು ಲೇಸು.

ಪುಡಿಯನ್ನು ನೇರವಾಗಿ ಬಾವಿಗೆ ಎರಚಬಾರದು. ಬಾಲ್ದಿಯಲ್ಲಿ ಸ್ವಲ್ಪ ನೀರು ಸೇರಿಸಿ ಹಿಟ್ಟಿನಂತೆ ಕಲಸಿ, ಆಮೇಲೆ ಮುಕ್ಕಾಲು ಬಾಲ್ದಿಯಷ್ಟು ನೀರು ಹಾಕಿ ಚೆನ್ನಾಗಿ ಕದಡಿ ಹತ್ತು ನಿಮಿಷ ಬಿಡಿ. ಸುಣ್ಣವು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬೇರೆ ಬಾಲ್ದಿಗೆ ಬಗ್ಗಿಸಿಕೊಂಡು, ತಳದ ಸುಣ್ಣವನ್ನು ಹೊರಗೆ ಚೆಲ್ಲಿ. ಅದು ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ತಿಳಿಯಿರುವ ಬಾಲ್ದಿಯನ್ನು ಹಗ್ಗದಿಂದ ನೀರಿನ ಒಳಕ್ಕೆ ಇಳಿಸಿ, ಮೇಲೆ ಕೆಳಗೆ, ಆಚೆ ಈಚೆ ಆಡಿಸಿ. ಕನಿಷ್ಠ ಒಂದು ಗಂಟೆಯ ಕಾಲ ಆ ನೀರನ್ನು ಸೇದಬಾರದು. ರಾತ್ರಿ ಊಟವಾದ ಮೇಲೆ ಹಾಕಿ ಬೆಳಿಗ್ಗೆ ಸೇದುವುದು ಎಲ್ಲಕ್ಕಿಂತ ಅನುಕೂಲ. ಮಳೆಗೆ ಕದಡಿ ಕೆಂಪಾದ ನೀರಿಗೆ ಈ ಪ್ರಮಾಣ ಸಾಲದು, ಏಕೆಂದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಮಣ್ಣು ಕಸವನ್ನು ಸುಡುವುದಕ್ಕೇ ವೆಚ್ಚವಾಗುತ್ತದೆ. ಒಂದು ಗಂಟೆಯ ಅನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ಪರೀಕ್ಷಿಸಿಕೊಡಲು ನಿಮ್ಮ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕೇಳಬಹುದು.

ನಮ್ಮ ಮಳೆಗಾಲದ ತೇವದಲ್ಲಿ ಬ್ಲೀಚಿಂಗ್ ಪೌಡರು ಬಹಳ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕಳೆದ ವರ್ಷ ತೆರೆದಿಟ್ಟ ಚೀಲದ ಪುಡಿಯಿಂದ ನೀರು ಶುದ್ಧವಾಗುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಕತ್ತಲೆಯ ಒಣ ಜಾಗದಲ್ಲಿ ಇಡಬೇಕು. ಪಾಯಿಖಾನೆ ತೊಳೆಯುವ ಆಸಿಡ್ ಇದಕ್ಕೆ ತಗುಲಿದರೆ ವಿಷಾನಿಲ ಏಳುತ್ತದೆ, ಎರಡನ್ನೂ ಜೊತೆಗೆ ಇಡಬೇಡಿರಿ. ಇಷ್ಟೆಲ್ಲ ಮಾಡಿದರೂ ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವ ನೀರನ್ನು ಕುದಿಸಿ ಆರಿಸಿಯೇ ಕೊಡುವುದು ಒಳ್ಳೆಯದು.

ಕುದಿಸಿದರೂ ಹೋಗದ ಒಂದು ಲವಣ ನೈಟ್ರೇಟು. ಹಟ್ಟಿಯ ಗೊಬ್ಬರದ ಗುಂಡಿಯಿಂದಲೂ ತೋಟದ ರಾಸಾಯನಿಕ ಗೊಬ್ಬರದಿಂದಲೂ ಅದು ಬಾವಿಗೆ ಇಳಿಯಬಹುದು. ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಎಳೆಯ ಕೂಸಿನ ಹೊಟ್ಟೆಯಲ್ಲಿ ಇದು ನೈಟ್ರೈಟಾಗಿ, ರಕ್ತದ ಕಬ್ಬಿಣವನ್ನೇ ಉತ್ಕರ್ಷಿಸಿ, ಮಗು ನೀಲಿಗಟ್ಟುವುದುಂಟು. ಆರು ತಿಂಗಳು ತುಂಬುವ ತನಕ ತಾಯಿಯ ಹಾಲಲ್ಲದೆ ನೀರನ್ನೂ ಕೊಡಬೇಡಿರೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಚರ್ಮಕ್ಕೆ

ಪರ್ಮಾಂಗನೇಟು ಇಂದಿಗೂ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಇಲ್ಲಿ. ನೀರು ಒಸರುವ ಇಸಬಿಗೂ, ಮಳೆಗಾಲದಲ್ಲಿ ತೋಟಗದ್ದೆಗಳಲ್ಲಿ ಓಡಾಡುವವರ ಕಾಲ್ಬೆರಳ ಸಂದಿಯ ಕೆಸರುಹುಣ್ಣು ಒಸರುವಾಗಲೂ ವೈದ್ಯರು ಇದನ್ನು ಹೇಳುತ್ತಾರೆ. ಪ್ರಮಾಣವು ಹತ್ತು ಸಾವಿರಕ್ಕೆ ಒಂದು; ಎಂದರೆ ಹತ್ತು ಲೀಟರು ನೀರಿಗೆ ಒಂದೇ ಗ್ರಾಂ. ನೀರು ತಿಳಿ ಗುಲಾಬಿಯಾಗಿರಬೇಕು. ದಟ್ಟ ನೇರಳೆಯಾಗಿದ್ದರೆ ಮತ್ತಷ್ಟು ನೀರು ಬೆರೆಸಿ. ಹರಳು ಪೂರ್ತಿ ಕರಗಿದೆಯೇ ಎಂದು ನೋಡಿಕೊಳ್ಳಿ, ತಳದಲ್ಲಿ ಉಳಿದ ಒಂದು ಹರಳಿನ ಮೇಲೆ ಕಾಲಿಟ್ಟರೂ ಅಲ್ಲಿ ಸುಟ್ಟ ಗಾಯವಾಗುತ್ತದೆ. ಹತ್ತು ಹದಿನೈದು ನಿಮಿಷ ಕಾಲನ್ನು ಅದ್ದಿಟ್ಟು, ತೆಗೆದು, ಒರಸಿ, ಒಣಗಿಸಿ. ಒಸರುವುದು ನಿಂತ ಮೇಲೆ ಮುಂದುವರಿಸಿದರೆ ಚರ್ಮ ಒಣಗಿ ಒಡೆಯುತ್ತದೆ. ಕೆಸರುಹುಣ್ಣಿಗೆ ಕಾರಣವಾದ ಶಿಲೀಂಧ್ರಕ್ಕೆ ಬೇರೆ ಮುಲಾಮು ಬೇಕಾಗುತ್ತದೆ.

ಹಾವು ಕಚ್ಚಿದಾಗ

ಹಾವಿನ ವಿಷಕ್ಕೆ ಈ ಹರಳು ಮದ್ದೆಂಬ ನಂಬಿಕೆಯ ಮೂಲ ಹಳ್ಳಿಯಲ್ಲಿಲ್ಲ, ವೈದ್ಯಶಾಸ್ತ್ರದಲ್ಲಿಯೇ ಇದೆ. 1881ರಲ್ಲಿ ಬ್ರೆಜಿಲ್ ದೇಶದ ಲಾಸೆರ್ಡ ಎಂಬವರು ಇದನ್ನು ಸೂಚಿಸಿದರು. 1904ರಲ್ಲಿ ಬ್ರಂಟನ್, ಫೇರರ್ ಮತ್ತು ರೋಜರ್ಸ್ ಎಂಬ ವೈದ್ಯರು, ಕಚ್ಚಿದ ಜಾಗವನ್ನು ಸಣ್ಣ ಚೂರಿಯಿಂದ ಸೀಳಿ ಹರಳನ್ನು ತಿಕ್ಕುವ ವಿಧಾನವನ್ನು ಪ್ರಕಟಿಸಿದರು. ಚೂರಿಯ ಹಿಡಿಯಲ್ಲಿಯೇ ಹರಳು ತುಂಬಿಡುವ ಏರ್ಪಾಟೂ ಇತ್ತು. ಗಾಜಿನ ನಳಿಗೆಯಲ್ಲಿ ವಿಷಕ್ಕೆ ಪರ್ಮಾಂಗನೇಟು ಬೆರೆಸಿದರೆ ವಿಷವು ನಿಜವಾಗಿಯೂ ನಾಶವಾಗುತ್ತದೆ. ಶರೀರದಲ್ಲಿ ಹಾಗಾಗುವುದಿಲ್ಲ. ಹಲ್ಲು ನಾಟಿದ ಆಳದಿಂದ ವಿಷವು ಹರಡಿಹೋಗಿರುತ್ತದೆ. ಹರಳು ಮಾತ್ರ ಮೊದಲು ಸಿಕ್ಕಿದ ಮಾಂಸವನ್ನು ಸುಡುತ್ತಾ ಅಲ್ಲಿಯೇ ಮುಗಿಯುತ್ತದೆ. ಕೊಳಕುಮಂಡಲ ಕಚ್ಚಿದವರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ, ಅವರನ್ನು ಸೀಳಿದರೆ ಆ ಗಾಯದಿಂದಲೇ ರಕ್ತ ಹರಿದುಹೋಗುತ್ತದೆ. ಸೀಳುವುದು, ತಿಕ್ಕುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆತನ್ನಿ. ವಿಷಕ್ಕೆ ಪ್ರತಿವಿಷವೊಂದೇ ಔಷಧಿ.

ಹೆಂಗಸರಿಗೆ ಸಂಬಂಧಿಸಿದ ಮಾತು

ಈ ಭಾಗವನ್ನು ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇನೆ. ನಾಚಿಕೆಯಿಂದ ಮುಚ್ಚಿಡುವ ವಿಷಯಗಳಲ್ಲಿಯೇ ಹೆಚ್ಚಿನ ಅನಾಹುತಗಳಾಗುತ್ತವೆ.

ಬಿಳಿಸೆರಗಿಗೆಂದು ಪರ್ಮಾಂಗನೇಟಿನ ನೀರಿನಿಂದ ಒಳಗೆ ತೊಳೆದುಕೊಳ್ಳುವವರಿದ್ದಾರೆ. ಯೋನಿಯಲ್ಲಿ ರೋಗವನ್ನು ತಡೆಯುವ ಒಳ್ಳೆಯ ಜೀವಾಣುಗಳು ವಾಸವಾಗಿರುತ್ತವೆ. ಭೇದವರಿಯದ ಈ ಲವಣವು ಅವುಗಳನ್ನೂ ಕೊಲ್ಲುತ್ತದೆ, ಆಮೇಲೆ ಸೋಂಕು ಹೆಚ್ಚುತ್ತದೆ. ತಿಂಗಳ ನಡುವೆ ಸ್ವಲ್ಪ ತಿಳಿಯಾದ ಸ್ರಾವವಿರುವುದು ಸಹಜ. ದುರ್ವಾಸನೆ, ತುರಿಕೆ, ಬಣ್ಣ, ಹೊಟ್ಟೆನೋವು ಇದ್ದರೆ ಪರೀಕ್ಷಿಸಿಕೊಳ್ಳಿ. ಅನೇಕ ವೇಳೆ ಗಂಡಹೆಂಡಿರಿಬ್ಬರಿಗೂ ಚಿಕಿತ್ಸೆ ಬೇಕಾಗುತ್ತದೆ.

ಸಂಭೋಗದ ಬಳಿಕ ಹೀಗೆ ತೊಳೆದುಕೊಂಡರೆ ಗರ್ಭ ನಿಲ್ಲುವುದಿಲ್ಲವೆಂಬ ನಂಬಿಕೆಯೂ ಸುಳ್ಳು. ಕೆಲವೇ ನಿಮಿಷಗಳಲ್ಲಿ ವೀರ್ಯಾಣುಗಳು ಗರ್ಭಕೋಶದ ಕೊರಳನ್ನು ದಾಟಿರುತ್ತವೆ, ನೀರು ಅಲ್ಲಿಗೆ ತಲುಪುವುದೇ ಇಲ್ಲ.

ಎಲ್ಲಕ್ಕಿಂತ ಭಯಂಕರವಾದುದು, ಬೇಡವಾದ ಗರ್ಭವನ್ನು ತೆಗೆಯಲೆಂದು ಹರಳನ್ನಾಗಲಿ ಅದರ ಗುಳಿಗೆಯನ್ನಾಗಲಿ ಒಳಗೆ ಇಡುವುದು. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. 1940 ಮತ್ತು 1950ರ ದಶಕಗಳಲ್ಲಿ ಅಮೆರಿಕದ ಆಸ್ಪತ್ರೆಗಳಿಂದಲೂ ಇಂತಹ ಪ್ರಕರಣಗಳು ವರದಿಯಾಗಿವೆ. ಆಗುವುದು ಏನೆಂದರೆ, ಹರಳು ತಗುಲಿದ ಗೋಡೆಯು ಸುಟ್ಟು ಆಳವಾದ ಹುಣ್ಣಾಗುತ್ತದೆ, ರಕ್ತನಾಳವೇ ತೆರೆದು ರಕ್ತ ಸುರಿಯುತ್ತದೆ. ರಕ್ತ ಕಂಡ ಹೆಂಗಸು ಗರ್ಭ ಹೋಯಿತೆಂದು ತಿಳಿದು ಸುಮ್ಮನಿರುತ್ತಾಳೆ. ಗರ್ಭವಾದರೋ ಗರ್ಭಕೋಶದೊಳಗೆ ಹಾಗೆಯೇ ಇರುತ್ತದೆ. ರಕ್ತ ಬಂದದ್ದು ಗಾಯದಿಂದ. ತಡಮಾಡಿದರೆ ತಾಯಿಯ ಪ್ರಾಣಕ್ಕೇ ಸಂಚಕಾರ. ಬದುಕಿ ಉಳಿದವರಿಗೂ ಗಾಯ ಮಾಯ್ದ ಜಾಗ ಕುಗ್ಗಿ ಮುಂದಿನ ಹೆರಿಗೆಗೆ ತೊಂದರೆಯಾಗಬಹುದು.

ಹೀಗೆ ಮಾಡಬೇಕಾದ ಅಗತ್ಯವೇ ಇಲ್ಲ. ವೈದ್ಯಕೀಯ ಗರ್ಭಪಾತ ಕಾಯಿದೆಯು 1971ರಲ್ಲಿ ಬಂದು, 2021ರಲ್ಲಿ ತಿದ್ದುಪಡಿಯಾಗಿದೆ. ತಾಯಿಯ ಶಾರೀರಿಕ ಅಥವಾ ಮಾನಸಿಕ ಆರೋಗ್ಯಕ್ಕೆ ಗರ್ಭದಿಂದ ಹಾನಿಯಾಗುವಂತಿದ್ದರೆ, 20 ವಾರಗಳವರೆಗೆ ಅರ್ಹ ವೈದ್ಯರೊಬ್ಬರ ಅಭಿಪ್ರಾಯದ ಮೇಲೆ, ಕೆಲವು ವರ್ಗದ ಹೆಂಗಸರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಅಂಗೀಕೃತ ಆಸ್ಪತ್ರೆಯಲ್ಲಿ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶವಿದೆ. ಬಳಸುತ್ತಿದ್ದ ಸಂತಾನ ನಿಯಂತ್ರಣ ಸಾಧನ ವಿಫಲವಾಯಿತೆಂಬುದೂ ಕಾಯಿದೆ ಒಪ್ಪುವ ಕಾರಣ. ವಯಸ್ಕ ಹೆಂಗಸಿನ ಒಪ್ಪಿಗೆ ಸಾಕು. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಒಂಬತ್ತು ವಾರಗಳೊಳಗೆ ಬಂದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರೆಗಳಿಂದಲೇ ಆಗುವ ಸಾಧ್ಯತೆಯಿದೆ. ಆದುದರಿಂದ ಮುಟ್ಟು ತಪ್ಪಿದ ಕೂಡಲೇ ಬನ್ನಿ.

ಗರ್ಭವೇ ಬೇಡವೆನ್ನುವವರಿಗೆ ನಿರೋಧ್, ನುಂಗುವ ಮಾತ್ರೆ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಚುಚ್ಚುಮದ್ದು, ವಂಕಿ, ಶಸ್ತ್ರಚಿಕಿತ್ಸೆ, ಎಲ್ಲವೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಗಂಡಸರ ಶಸ್ತ್ರಚಿಕಿತ್ಸೆಯು ಹೆಂಗಸರದಕ್ಕಿಂತ ಸುಲಭವಾದುದೆಂಬುದನ್ನು ನಮ್ಮ ಗಂಡಸರು ಕೇಳಿಯೂ ಕೇಳದವರಂತೆ ಇರುತ್ತಾರೆ.

ಇಡುವ ಬಗೆ ಮತ್ತು ಪ್ರಥಮ ಚಿಕಿತ್ಸೆ

ಹರಳನ್ನು ಗಾಜಿನ ಸೀಸೆಯಲ್ಲಿ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆ ಎಟಕದಂತೆ ಬೀಗವಿರುವ ಪೆಟ್ಟಿಗೆಯಲ್ಲಿಡಿ. ಅದೇ ಪೆಟ್ಟಿಗೆಯಲ್ಲಿ ಗ್ಲಿಸರಿನ್ ಇರಕೂಡದು. ಎರಡೂ ಕೂಡಿದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳುತ್ತದೆ. ಹಟ್ಟಿಯ ಕೆಲಸಕ್ಕೆ ಬೇಕಾದಾಗ ಒಣಗಿದ ಚಮಚದಿಂದ ತೆಗೆಯಿರಿ, ಬರಿಗೈಯಿಂದ ಬೇಡ.

ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಿಡಿಸಿ ಹಿಡಿದು, ಶುದ್ಧವಾದ ನೀರನ್ನು ಕನಿಷ್ಠ ಹದಿನೈದು ನಿಮಿಷ ಸುರಿಯುತ್ತಲೇ ಇರಿ, ಅನಂತರ ಆಸ್ಪತ್ರೆಗೆ ಹೊರಡಿ. ಮಗುವಾಗಲಿ ದೊಡ್ಡವರಾಗಲಿ ನುಂಗಿದ್ದರೆ ವಾಂತಿ ಮಾಡಿಸಬೇಡಿರಿ, ಇಳಿಯುವಾಗ ಸುಟ್ಟ ಗಂಟಲನ್ನು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ. ಎಚ್ಚರವಾಗಿದ್ದು ನುಂಗಲು ಸಾಧ್ಯವಿದ್ದರೆ ಗುಟುಕು ಗುಟುಕಾಗಿ ನೀರು ಕೊಡಬಹುದು. ಗಂಟಲು ಊದಿ ಉಸಿರು ಕಟ್ಟುವ ಸಂಭವವಿರುವುದರಿಂದ, ಆಗ ಚೆನ್ನಾಗಿರುವಂತೆ ಕಂಡರೂ ಮನೆಯಲ್ಲಿ ಇರಿಸಿಕೊಳ್ಳಬಾರದು. ಒಳಗೆ ಇಟ್ಟುಕೊಂಡು ರಕ್ತ ಹೋಗುತ್ತಿರುವ ಹೆಂಗಸನ್ನಂತೂ ಒಂದು ಗಳಿಗೆಯೂ ತಡೆಯದೆ ಕರೆತರಬೇಕು. ಏನು ಇಟ್ಟದ್ದೆಂಬುದನ್ನು ಮರೆಮಾಚದೆ ಹೇಳಿ, ಚಿಕಿತ್ಸೆ ಅದರ ಮೇಲೆ ನಿಂತಿದೆ. ಪುತ್ತೂರು ಮತ್ತು ಸುಳ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಅಥವಾ ಕಡಬದ ಸಮುದಾಯ ಆರೋಗ್ಯ ಕೇಂದ್ರಕ್ಕೆ ಬರುವಾಗ, ಉಳಿದ ಹರಳು ಇರುವ ಸೀಸೆಯನ್ನೋ ಪೊಟ್ಟಣವನ್ನೋ ಮರೆಯದೆ ಜೊತೆಯಲ್ಲಿ ತನ್ನಿ.